ಮಂಡಿನೋವೂ ಮಣ್ಣಿನ ಪಟ್ಟಿಯೂ

ಐವತ್ತು ದಾಟಿದ ಹೆಂಗಸರು ನಾಲ್ವರು ಒಂದು ಕಡೆ ಸೇರಿದರೆ ಮೊದಲು ಮಾತಿಗೆ ಬರುವುದು ಮಕ್ಕಳ ಮದುವೆ, ಆಮೇಲೆ ಮಂಡಿ. ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಈಚೆಗೆ ಈ ಕ್ರಮ ತಿರುವುಮುರುವಾಗಿದೆ. ಮದುವೆಗಳು ಹೇಗೋ ಆಗುತ್ತವೆ, ಮೆಟ್ಟಿಲು ಹತ್ತುವುದು ಹೇಗೆ ಎಂಬುದೇ ದೊಡ್ಡ ಚಿಂತೆ.

ನನ್ನ ಬಲಮಂಡಿ ಮೊದಲು ದೂರು ಹೇಳಿದ್ದು ಐವತ್ತೆರಡನೆಯ ವರ್ಷದಲ್ಲಿ. ಕಪ್ಪುಹಲಗೆಯ ಮುಂದೆ ದಿನಕ್ಕೆ ಐದಾರು ಪೀರಿಯಡ್ಡು ನಿಂತು, ಬಸ್ಸಿನಲ್ಲಿ ನೇತಾಡಿಕೊಂಡು ಮನೆಗೆ ಬಂದು, ಮತ್ತೆ ಒಲೆಯ ಮುಂದೆ ನಿಂತ ಮೂವತ್ತು ವರ್ಷಗಳ ಲೆಕ್ಕ ಅದು. ಮಂಡಿಯ ಹಿಂದೆ ಸೊಂಟವೂ ಬಂತು. ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, 'ಸವೆದಿದೆ, ವಯಸ್ಸಾಯ್ತಲ್ಲ ಮೇಡಂ' ಎಂದರು. ಚಪ್ಪಲಿ ಸವೆದರೆ ಬದಲಾಯಿಸಬಹುದು. ಮಂಡಿಯನ್ನೂ ಬದಲಾಯಿಸಬಹುದಂತೆ, ಆದರೆ ಅದಕ್ಕಿನ್ನೂ ಕಾಲ ಬಂದಿಲ್ಲವಂತೆ. ಅಲ್ಲಿಯವರೆಗೆ ನೋವಿನ ಮಾತ್ರೆ. ಮಾತ್ರೆ ನುಂಗಿದರೆ ಮಂಡಿ ಸುಮ್ಮನಾಗುತ್ತಿತ್ತು, ಹೊಟ್ಟೆ ಉರಿಯಲು ಶುರುಮಾಡುತ್ತಿತ್ತು. ಒಬ್ಬರ ಬಾಯಿ ಮುಚ್ಚಿಸಿದರೆ ಇನ್ನೊಬ್ಬರು ಬಾಯಿ ತೆರೆಯುವ ಸಂಸಾರದ ಹಾಗೆ.

ಹೀಗಿರುವಾಗ ಒಂದು ಬೇಸಿಗೆ ರಜೆಯಲ್ಲಿ, ಮಗಳ ಒತ್ತಾಯಕ್ಕೆ ಮಣಿದು, ಘಟ್ಟದ ಕೆಳಗಿನ ಒಂದು ಪ್ರಕೃತಿ ಚಿಕಿತ್ಸಾಲಯಕ್ಕೆ ಹೋಗಿ ಹತ್ತು ದಿನ ಇದ್ದು ಬಂದೆ. ನಮ್ಮ ನಾಡಿಗೆ ಈ ಪದ್ಧತಿ ಹೊಸತೇನಲ್ಲ. ಧರ್ಮಸ್ಥಳದ ಹತ್ತಿರ ಉಜಿರೆಯಲ್ಲಿ 1989ರಿಂದ ಇದನ್ನು ಕಲಿಸುವ ಪದವಿ ಕಾಲೇಜೇ ಇದೆ. ಆದರೆ ನನಗೆ ಎಲ್ಲವೂ ಹೊಸತು. ಬೆಳಗಿನ ಐದೂವರೆಗೆ ಗಂಟೆ. ಹೊಟ್ಟೆಯ ಮೇಲೊಂದು, ಕಣ್ಣಿನ ಮೇಲೊಂದು, ಮಂಡಿಗೆ ಎರಡು ಎಂದು ತಣ್ಣನೆಯ ಮಣ್ಣಿನ ಪಟ್ಟಿಗಳು. ಹಬ್ಬದ ದಿನ ಹೋಳಿಗೆಗೆ ಹೂರಣ ತುಂಬುವ ಶ್ರದ್ಧೆಯಿಂದ ಒದ್ದೆ ಬಟ್ಟೆಯಲ್ಲಿ ಮಣ್ಣು ತುಂಬುವ ಹುಡುಗಿಯರು. ಆಮೇಲೆ ಯೋಗ. ಆಮೇಲೆ ತೊಟ್ಟಿಯಲ್ಲಿ ಸೊಂಟ ಮುಳುಗಿಸಿ ಕೂರುವ ಕಟಿಸ್ನಾನ. ಒಂದು ದಿನ ಎಣ್ಣೆ ಹಚ್ಚಿ ಉಜ್ಜುವುದು, ಒಂದು ದಿನ ಹಬೆ, ಒಂದು ದಿನ ಮಂಡಿಗೆ ಬಿಸಿ ಮತ್ತು ತಣ್ಣೀರಿನ ಬಟ್ಟೆಗಳನ್ನು ಸರದಿಯಂತೆ ಸುತ್ತುವುದು. ಊಟಕ್ಕೆ ಬೂದುಗುಂಬಳದ ರಸ, ಎಳನೀರು, ಉಪ್ಪಿಲ್ಲದೆ ಬೇಯಿಸಿದ ತರಕಾರಿ. ಮೂರನೆಯ ದಿನ ರಾತ್ರಿ ಕನಸಿನಲ್ಲಿ ಒಗ್ಗರಣೆಯ ವಾಸನೆ ಬಂತು ಎಂದರೆ ಅತಿಶಯೋಕ್ತಿಯಲ್ಲ.

ಅಲ್ಲಿಯ ವೈದ್ಯೆ ನನ್ನ ಮಗಳ ವಯಸ್ಸಿನವರು, ಮೃದು ಮಾತಿನವರು. ಒಂದು ಕಾಗದದ ಮೇಲೆ ಮಂಡಿಯ ಚಿತ್ರ ಬರೆದು ತೋರಿಸಿದರು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದರು. ತೊಡೆಯ ಮುಂಭಾಗದ ಸ್ನಾಯು ಬಲವಾದರೆ ಮಂಡಿಗೆ ಹೆಗಲು ಕೊಡುವ ತಮ್ಮ ಸಿಕ್ಕ ಹಾಗೆ ಎಂದರು. ಇಷ್ಟೆಲ್ಲ ಹೇಳಿ ಕೊನೆಗೆ ನಗುತ್ತಾ, 'ದೇಹ ಸಾಲಗಾರನ ಹಾಗಲ್ಲ ಅಮ್ಮಾ, ಸಾಲ ಕೊಟ್ಟವನ ಹಾಗೆ. ನಾವು ಇಪ್ಪತ್ತು ವರ್ಷ ತೆಗೆದುಕೊಂಡದ್ದನ್ನು ಈಗ ಕೇಳುತ್ತಿದೆ' ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ತಿಂದ ಬಜ್ಜಿ, ಬಿಟ್ಟ ವಾಕಿಂಗು, ರಾತ್ರಿ ಹತ್ತಕ್ಕೆ ಉಂಡ ಅನ್ನ ಎಲ್ಲವೂ ಕಣ್ಣ ಮುಂದೆ ಬಂದವು. ನಾಚಿಕೆಯೂ ಆಯಿತು, ಒಳಗೊಳಗೇ ಸಂತೋಷವೂ ಆಯಿತು. ತಪ್ಪು ನನ್ನದಾದರೆ ತಿದ್ದುವುದೂ ನನ್ನ ಕೈಯಲ್ಲೇ ಇದೆಯಲ್ಲ! ವಯಸ್ಸಾಯಿತು ಎಂದು ಬಿಟ್ಟ ಡಾಕ್ಟರಿಗಿಂತ ತಪ್ಪು ಮಾಡಿದಿರಿ ಎಂದ ಈ ಹುಡುಗಿಯೇ ನನಗೆ ಹೆಚ್ಚು ಮರ್ಯಾದೆ ಕೊಟ್ಟಂತೆ ಕಂಡಳು.

ಈ ವಿಚಾರದ ಬೇರು ಜರ್ಮನಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೈಪ್‌ಜಿಗ್ ಊರಿನ ಲೂಯಿ ಕೂನೆ ಎಂಬವರು ರೋಗಗಳೆಲ್ಲ ಮೂಲದಲ್ಲಿ ಒಂದೇ, ದೇಹದಲ್ಲಿ ಸೇರಿಕೊಂಡ ಬೇಡದ ವಸ್ತುವೇ ಅದಕ್ಕೆ ಕಾರಣ ಎಂದು ಸಾರಿ, ಕಟಿಸ್ನಾನವನ್ನು ಪ್ರಸಿದ್ಧಿಗೆ ತಂದರು. ಅದೇ ಕಾಲದ ಅಡಾಲ್ಫ್ ಜುಸ್ಟ್ ಮಣ್ಣನ್ನು ಹಿಡಿದುಕೊಂಡರು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಇವರಿಬ್ಬರ ಪುಸ್ತಕ ಓದಿ, ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗ ಮಾಡಿದರು. 1946ರಲ್ಲಿ ಪುಣೆಯ ಹತ್ತಿರದ ಉರುಳಿ ಕಾಂಚನ ಎಂಬ ಹಳ್ಳಿಯಲ್ಲಿ ಬಡವರಿಗೆಂದೇ ಪ್ರಕೃತಿ ಚಿಕಿತ್ಸೆಯ ಆಶ್ರಮ ಶುರುಮಾಡಿದರು. ನಮ್ಮಲ್ಲೂ ಇದಕ್ಕೆ ಮೊದಲೇ ನೆಲ ಹದವಾಗಿತ್ತು. 'ಊಟ ಬಲ್ಲವನಿಗೆ ರೋಗವಿಲ್ಲ' ಎನ್ನುತ್ತಾ ಬೆಳೆದವರು ನಾವು. 'ಲಂಘನಂ ಪರಮೌಷಧಂ' ಎನ್ನುವುದಂತೂ ಹೊಟ್ಟೆ ಕೆಟ್ಟಾಗಲೆಲ್ಲ ಕೇಳಿದ್ದು.

ಹತ್ತು ದಿನಕ್ಕೆ ಮೂರು ಕಿಲೋ ಇಳಿದೆ. ಅದರಲ್ಲಿ ಬಹುಪಾಲು ನೀರು ಎಂದು ಆ ವೈದ್ಯೆಯೇ ಪ್ರಾಮಾಣಿಕವಾಗಿ ಹೇಳಿದರು. ಆದರೂ ಮಂಡಿ ಹಗುರಾಗಿತ್ತು, ನಿದ್ದೆ ಬಂದಿತ್ತು. ಇದೆಲ್ಲ ಬರೀ ಭ್ರಮೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಮಗು ಬಿದ್ದಾಗ ತಾಯಿ ಮೊಣಕೈ ಉಜ್ಜುತ್ತಾಳಲ್ಲ, ಅದಕ್ಕೆ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಒಂದು ವಿವರಣೆ ಕೊಟ್ಟರು: ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲೊಂದು ಇದ್ದ ಹಾಗೆ, ಸ್ಪರ್ಶದ ಸುದ್ದಿ ಬಂದರೆ ಆ ಬಾಗಿಲು ಅಷ್ಟು ಮುಚ್ಚಿಕೊಳ್ಳುತ್ತದೆ. ಕೀಲುಗಳು ಊದಿಕೊಳ್ಳುವ ಸಂಧಿವಾತದ ರೋಗಿಗಳಿಗೆ ಒಂದು ವಾರದಿಂದ ಹತ್ತು ದಿನದ ಉಪವಾಸವನ್ನೂ ಆಮೇಲೆ ಒಂದು ವರ್ಷ ಸಸ್ಯಾಹಾರವನ್ನೂ ಕೊಟ್ಟು ನೋಡಿದ ನಾರ್ವೆಯ ವೈದ್ಯರು, ಹಲವರಿಗೆ ಗುಣ ಕಂಡಿತೆಂದು 1991ರಲ್ಲಿ ಪ್ರಕಟಿಸಿದರು. ಮಣ್ಣಿನಲ್ಲಿ ಮಾಯೆಯಿದೆಯೋ ಇಲ್ಲವೋ, ತಂಪಿನಲ್ಲಿ, ಶಾಖದಲ್ಲಿ, ವಿಶ್ರಾಂತಿಯಲ್ಲಿ, ಇನ್ನೊಬ್ಬರು ಅಕ್ಕರೆಯಿಂದ ಕಾಲು ಮುಟ್ಟಿ ವಿಚಾರಿಸುವುದರಲ್ಲಿ ಗುಣವಿದೆ. ಮೂವತ್ತು ವರ್ಷದಲ್ಲಿ ಹತ್ತು ದಿನ ಯಾರಿಗೂ ಅಡುಗೆ ಮಾಡಿ ಹಾಕದೆ ಇದ್ದದ್ದು ಅದೇ ಮೊದಲು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ತೊಂದರೆ ಶುರುವಾದದ್ದು ನಾನು ಊರಿಗೆ ಹಿಂದಿರುಗಿದ ಮೇಲೆ. ಹೊಸದಾಗಿ ದೀಕ್ಷೆ ಪಡೆದವರ ಉತ್ಸಾಹ ನಿಮಗೆ ಗೊತ್ತಲ್ಲ. ಸಹೋದ್ಯೋಗಿಗಳ ಟಿಫನ್ ಡಬ್ಬಿಗಳಲ್ಲಿ ಇಣುಕಿ ನೋಡುವುದು, ಕಾಫಿ ಕುಡಿಯುವವರನ್ನು ಕರುಣೆಯಿಂದ ನೋಡುವುದು ನಡೆಯಿತು. ಅವರು ನಕ್ಕು ಬಿಟ್ಟರು. ನನ್ನ ಉಪದೇಶ ನಿಜವಾಗಿ ತಗುಲಿದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳಿಗೆ. ಹೆಸರು ಬೇಡ, ಮಕ್ಕಳೆಲ್ಲ 'ಅಡುಗೆ ಅಮ್ಮ' ಎನ್ನುತ್ತಾರೆ, ಅದೇ ಇರಲಿ. ನನಗಿಂತ ಐದಾರು ವರ್ಷ ಚಿಕ್ಕವಳು, ನೋಡಲು ಹತ್ತು ವರ್ಷ ದೊಡ್ಡವಳು. ಸೊಂಟದ ಮೇಲೆ ಕೈಯಿಟ್ಟುಕೊಳ್ಳದೆ ನಡೆದದ್ದನ್ನು ನಾನು ಕಂಡಿಲ್ಲ.

ಒಂದು ದಿನ ಮಧ್ಯಾಹ್ನ ಪಾತ್ರೆ ತೊಳೆದು ಸುಸ್ತಾಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ನಾನು ಪಕ್ಕದಲ್ಲೇ ಕುಳಿತು ಪಾಠ ಶುರುಮಾಡಿದೆ. ತೂಕ ಇಳಿಸಬೇಕಮ್ಮ, ರಾತ್ರಿ ಮುದ್ದೆ ಬಿಟ್ಟು ಬರೀ ಹಣ್ಣು ತಿನ್ನು, ವಾರಕ್ಕೊಂದು ದಿನ ಉಪವಾಸ ಮಾಡು, ಬೆಳಗ್ಗೆ ಎದ್ದು ಒಂದು ಗಂಟೆ ನಡಿ, ದೇಹಕ್ಕೆ ರೆಸ್ಟು ಕೊಡು ಎಂದೆಲ್ಲ ಹೇಳಿದೆ. ಕೊನೆಗೆ ಸಾಲ ಕೊಟ್ಟವನ ಕಥೆಯನ್ನೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದಳು:

'ಮೇಡಮ್ಮಾರೆ, ಉಪಾಸ ಮಾಡುದ್ರೆ ನೋವು ಹೋಗಂಗಿದ್ರೆ ನಮ್ಮವ್ವಂಗೆ ನೋವೇ ಬರಬಾರ್ದಾಗಿತ್ತು.'

ವ್ಯಂಗ್ಯವಿರಲಿಲ್ಲ. ಕಂಡದ್ದನ್ನು ಕಂಡಹಾಗೆ ಹೇಳಿದಳು. ಅವಳ ತಾಯಿ ಕೂಲಿಗೆ ಕಳೆ ಕೀಳಲು ಹೋಗುತ್ತಿದ್ದವಳು. ಇದ್ದ ಮುದ್ದೆಯನ್ನು ಮಕ್ಕಳಿಗೆ ಮುರಿದು ಹಾಕಿ ತಾನು ನೀರು ಕುಡಿದು ಮಲಗಿದ ರಾತ್ರಿಗಳು ಎಷ್ಟೋ. ಬಗ್ಗಿದ ಬೆನ್ನು ಕೊನೆಗೂ ನೆಟ್ಟಗಾಗಲಿಲ್ಲ, ಚಟ್ಟದ ಮೇಲೆ ಮಲಗಿಸುವಾಗಲೂ ತಲೆ ಮೇಲೆದ್ದೇ ಇತ್ತಂತೆ. ಇದನ್ನು ಹೇಳಿ, 'ಅವ್ವ ಯಾರ್ ತಾವ ಸಾಲ ಮಾಡಿದ್ಲು ಮೇಡಮ್ಮಾರೆ?' ಎಂದು ಕೇಳಿ ಪಾತ್ರೆ ಎತ್ತಿಡಲು ಎದ್ದಳು.

ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿ ನಿಲ್ಲಿಸಿದವಳು ನಾನು. ಆ ದಿನ ಉತ್ತರ ತಿಳಿಯದೆ ಕುಳಿತೇ ಇದ್ದೆ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಅತ್ತೆ. ಅವರಿಗೂ ಸೊಂಟನೋವು. ರುಬ್ಬುಗುಂಡಿನ ಮುಂದೆ ಕುಳಿತು 'ಪಡೆದುಕೊಂಡು ಬಂದದ್ದು' ಎಂದು ನಿಟ್ಟುಸಿರು ಬಿಡುತ್ತಿದ್ದರು. ಬಿಎ ಓದಿದ್ದ ನನಗೆ ಆಗ ಸಿಟ್ಟು ಬರುತ್ತಿತ್ತು. ಹಿಂದಿನ ಜನ್ಮದ ಮೇಲೆ ಹೊರೆ ಹಾಕಿ ಕೂತರೆ ಈ ಜನ್ಮದಲ್ಲಿ ಔಷಧಿ ಮಾಡಿಸುವವರು ಯಾರು ಎಂದು. ಈಗ ಯೋಚಿಸಿದರೆ, ನಾನು ಕಲಿತು ಬಂದ ಹೊಸ ಮಾತಿಗೂ ಅತ್ತೆಯ ಹಳೆಯ ಮಾತಿಗೂ ಅಂಥ ದೂರವೇನಿಲ್ಲ. ಎರಡೂ ನೋವನ್ನು ಲೆಕ್ಕದ ಪುಸ್ತಕದಲ್ಲೇ ಬರೆಯುತ್ತವೆ, ಮಾಡಿದ್ದುಣ್ಣೋ ಮಹರಾಯ ಎನ್ನುತ್ತವೆ. ಆದರೆ ಅತ್ತೆಯ ಲೆಕ್ಕದಲ್ಲಿ ತಪ್ಪು ನೆನಪೇ ಇಲ್ಲದ ಜನ್ಮದ್ದು. ಅದಕ್ಕಾಗಿ ಅವರು ಯಾರ ಎದುರೂ ತಲೆ ತಗ್ಗಿಸಬೇಕಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪು ನಿನ್ನೆಯದು, ನಿನ್ನ ತಟ್ಟೆಯದು. ಆಸೆಯನ್ನು ಕೊಡುವ ಆ ಮಾತೇ ಅವಮಾನವನ್ನೂ ಕೊಡುತ್ತದೆ. ನೋವಿನ ಮೇಲೆ ನಾಚಿಕೆಯನ್ನೂ ಹೊರುವುದು ಯಾವ ಚಿಕಿತ್ಸೆ?

ಹಾಗಾದರೆ ನಮ್ಮ ನೋವಿಗೆ ನಾವು ಹೊಣೆಯಲ್ಲವೇ? ಅಲ್ಲ ಎಂದುಬಿಟ್ಟರೆ ಅದೂ ಸುಳ್ಳು. ನನ್ನ ಮಂಡಿಯ ಸ್ನಾಯುವನ್ನು ನನ್ನ ಪರವಾಗಿ ಬೇರೆ ಯಾರೂ ಬಲಪಡಿಸಲಾರರು. ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ ಎಂದು ನನಗೆ ತೋರುತ್ತದೆ. ಒಂದು, ಇದು ಯಾರ ತಪ್ಪು ಎಂಬುದು. ಅದು ಹಿಂದಕ್ಕೆ ನೋಡುವ ಪ್ರಶ್ನೆ. ಇನ್ನೊಂದು, ನಾಳೆಯಿಂದ ಏನು ಮಾಡಬಹುದು, ಯಾರು ಯಾರು ಮಾಡಬೇಕು ಎಂಬುದು. ಪ್ರಕೃತಿ ಚಿಕಿತ್ಸೆಯ ಒಳ್ಳೆಯದೆಲ್ಲ ಎರಡನೆಯ ಪ್ರಶ್ನೆಯಲ್ಲಿದೆ. ಮೊದಲನೆಯದಕ್ಕೆ ಅದು ಕೊಡುವ ಉತ್ತರ ಅರ್ಧ ಮಾತ್ರ ನಿಜ. ಉಂಡು ಹೆಚ್ಚಾದವರ ನೋವಿನಂತೆ ಉಣ್ಣದೆ ದುಡಿದವರ ನೋವೂ ಇದೆ. ಎರಡಕ್ಕೂ ಒಂದೇ ಕಾರಣ ಹೇಳುವವರು ಒಂದೇ ಬಗೆಯ ರೋಗಿಗಳನ್ನು ಕಂಡವರು. ಹೊಣೆಯೂ ಹೊರೆಯ ಹಾಗೆಯೇ. ನಾನಾಗಿ ತಲೆಯ ಮೇಲಿಟ್ಟುಕೊಂಡರೆ ನಡೆದುಬಿಡಬಹುದು. ಪಕ್ಕದಲ್ಲಿ ಕುಳಿತವರು ಹೊರಿಸಿದರೆ ಕತ್ತು ಉಳುಕುತ್ತದೆ.

ಮೇಷ್ಟರಾದವರಿಗೆ ಇದು ಎಂದೋ ತಿಳಿಯಬೇಕಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಹೋಂವರ್ಕ್ ಮಾಡದೆ ಬರುತ್ತಿದ್ದ. ದಿನವೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ತಿಂಗಳ ಮೇಲೆ ಗೊತ್ತಾಯಿತು, ಅವನ ಮನೆಯಲ್ಲಿ ಸಂಜೆ ಇದ್ದದ್ದು ಒಂದೇ ಬುಡ್ಡಿದೀಪ, ಅದು ಬೀಡಿ ಕಟ್ಟುವವರ ಮುಂದೆ ಇರುತ್ತಿತ್ತು. 'ಮನೆಯಲ್ಲಿ ಚೆನ್ನಾಗಿ ಓದಿಕೊ' ಎಂಬ ನನ್ನ ಬುದ್ಧಿವಾದದಲ್ಲಿ ತಪ್ಪೇನೂ ಇರಲಿಲ್ಲ. ಅದು ನಡೆಯಲು ಬೇಕಾದ ದೀಪ ಮಾತ್ರ ಇರಲಿಲ್ಲ. ಅಡುಗೆಯವಳಿಗೆ ನಾನು ಹೇಳಿದ ಒಂದು ಗಂಟೆಯ ನಡಿಗೆಯೂ ಹಾಗೆಯೇ. ನನ್ನ ಹತ್ತು ದಿನದ ಚಿಕಿತ್ಸೆಗೆ ಆದ ಖರ್ಚು ಅವಳ ಕೆಲವು ತಿಂಗಳ ಗಳಿಕೆ. ಅದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ ಎನ್ನುತ್ತಾರೆ. ಬೇಸಿಗೆ ರಜೆ ನನಗೆ ಸಂಬಳದ ರಜೆ. ವಿಶ್ರಾಂತಿ ಪ್ರಕೃತಿ ಕೊಡುವ ಉಚಿತ ಔಷಧಿ ಎನ್ನುತ್ತೇವೆ. ಎಲ್ಲ ಔಷಧಿಗಳಿಗಿಂತ ದುಬಾರಿಯಾದದ್ದು ಅದೇ.

ಇಷ್ಟು ಯೋಚಿಸಿದ ಮೇಲೆ ಇನ್ನೊಂದು ತುದಿಗೆ ಹೋಗುವ ಅಪಾಯವೂ ಇತ್ತು. ಬಡವರಿಗೆ ಬುದ್ಧಿ ಹೇಳುವುದೇ ತಪ್ಪು, ಸುಮ್ಮನಿದ್ದುಬಿಡೋಣ ಎಂದು. ಅದು ಇನ್ನೂ ದೊಡ್ಡ ಅವಮರ್ಯಾದೆ. ನನಗೆ ಗುಣವಾದದ್ದನ್ನು ಅವಳಿಂದ ಮುಚ್ಚಿಟ್ಟು, ಇದೆಲ್ಲ ಅವಳಿಗೆಲ್ಲಿ ಸಾಧ್ಯ ಎಂದು ತೀರ್ಮಾನಿಸಲು ನಾನು ಯಾರು? ಹೇಳಬೇಕು. ಆದರೆ ಹೇಳುವವರು ಹೊರೆಯ ಒಂದು ತುದಿಗೆ ಕೈ ಹಾಕಿರಬೇಕು.

ಇಲ್ಲಿ ಗಾಂಧೀಜಿಯ ಬದುಕಿನದೊಂದು ಸಂಗತಿ ನೆನಪಾಗುತ್ತದೆ. ಆಸ್ಪತ್ರೆಗಳನ್ನು 1909ರಲ್ಲಿ 'ಹಿಂದ್ ಸ್ವರಾಜ್'ನಲ್ಲಿ ಕಟುವಾಗಿ ಖಂಡಿಸಿದವರು ಅವರು. 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಕೈದಿಯಾಗಿದ್ದಾಗಲೇ, ಅವರ ಅಪೆಂಡಿಕ್ಸ್ ತೆಗೆಯಬೇಕಾಯಿತು. ನಡುವೆ ದೀಪ ಹೋಗಿ, ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ವೈದ್ಯ ಲಾಟೀನಿನ ಬೆಳಕಿನಲ್ಲಿ ಆಪರೇಷನ್ ಮುಗಿಸಿದರು. ಅದಕ್ಕೆ ಒಪ್ಪಿದ್ದು ತಮ್ಮ ದೌರ್ಬಲ್ಯವೆಂದು ಗಾಂಧೀಜಿ ಆಮೇಲೆ ಹೇಳಿಕೊಂಡರು. ನನಗೆ ಮಾತ್ರ ಅವರ ಆ ದೌರ್ಬಲ್ಯದ ಮೇಲೆ ಬಹಳ ಪ್ರೀತಿ. ಸಿದ್ಧಾಂತ ದೇಹಕ್ಕಾಗಿ ಇರಬೇಕು, ದೇಹ ಸಿದ್ಧಾಂತಕ್ಕಾಗಿ ಅಲ್ಲ. ಪ್ರಕೃತಿ ಚಿಕಿತ್ಸೆಯ ಹುಮ್ಮಸ್ಸಿನಲ್ಲಿ ಸಂಧಿವಾತದ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಒಳಗೊಳಗೇ ಕೀಲು ಹಾಳಾಗುತ್ತದೆ. ಹೋದ ಕೀಲನ್ನು ಯಾವ ಮಣ್ಣೂ ಮರಳಿ ತರಲಾರದು. ನಾನು ಹೋಗಿದ್ದಲ್ಲಿಯ ವೈದ್ಯೆಯೂ ಇದನ್ನು ಎಲ್ಲರಿಗೂ ಎಚ್ಚರಿಸುತ್ತಿದ್ದರು. ಸವೆದ ಮಂಡಿ ಬೇರೆ, ಊದಿದ ಮಂಡಿ ಬೇರೆ, ಎರಡನ್ನೂ ಮೊದಲು ಡಾಕ್ಟರಿಗೆ ತೋರಿಸಿ ಎಂದು.

ಮುಂದಿನ ವಾರ ನಾನು ಉಪದೇಶ ಬಿಟ್ಟು ಅಡುಗೆಮನೆಯಲ್ಲಿ ಸುಮ್ಮನೆ ಎರಡು ಗಂಟೆ ಕುಳಿತು ನೋಡಿದೆ. ಆ ಶಾಲೆಯಲ್ಲಿ ಹನ್ನೊಂದು ವರ್ಷವಿದ್ದರೂ ಹಾಗೆ ಕುಳಿತಿರಲಿಲ್ಲ. ಮಗುವಿಗೆ 150 ಗ್ರಾಂ ಅಕ್ಕಿಯಂತೆ 180 ಮಕ್ಕಳಿಗೆ 27 ಕಿಲೋ. ಬೆಂದ ಮೇಲೆ ಅದು ಎರಡರಷ್ಟನ್ನೂ ಮೀರುತ್ತದೆ. ಎಲ್ಲವೂ ಒಂದೇ ದೊಡ್ಡ ಪಾತ್ರೆಯಲ್ಲಿ, ನೆಲದ ಮೇಲಿನ ಒಲೆಯಲ್ಲಿ. ಅಂಗಳದ ನಲ್ಲಿಯಿಂದ ಕೊಡದಲ್ಲಿ ನೀರು, ನಾನು ಎಣಿಸಿದ್ದು ಇಪ್ಪತ್ತಮೂರು ಸಲ. ಕುಕ್ಕರಗಾಲಿನಲ್ಲಿ ಕುಳಿತು ತರಕಾರಿ ಹೆಚ್ಚುವುದು. ಇದರ ಮೇಲೆ 2013ರಲ್ಲಿ ಬಂದ ಹಾಲಿನ ಯೋಜನೆಯ ಹಾಲು ಕಾಯಿಸುವುದು ಬೇರೆ. ಅವಳ ಸೊಂಟನೋವಿನ ಕಾರಣ ಅವಳ ತಟ್ಟೆಯಲ್ಲಿರಲಿಲ್ಲ, ನಮ್ಮ ಮಕ್ಕಳ ತಟ್ಟೆಯಲ್ಲಿತ್ತು. ಅವಳು ಸಾಲ ಮಾಡಿರಲಿಲ್ಲ, ನಾವೇ ಅವಳಿಗೆ ಬಾಕಿ ಉಳಿಸಿಕೊಂಡಿದ್ದೆವು.

ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿದಾಗ ಒಬ್ಬರು, 'ಇಷ್ಟು ದಿನ ಏನೂ ಅಂದಿಲ್ಲವಲ್ಲ, ಈಗೇನು?' ಎಂದರು. ಅಂದಿಲ್ಲವೆಂದರೆ ನೋವಿಲ್ಲವೆಂದು ಅರ್ಥವಲ್ಲ ಎಂದು ಅವರಿಗೆ ವಿವರಿಸಬೇಕಾಯಿತು. ನೋವನ್ನು ಅಧ್ಯಯನ ಮಾಡುವ ಜಗತ್ತಿನ ತಜ್ಞರ ಸಂಘವೊಂದು 1979ರಲ್ಲಿ ತಾನು ಕೊಟ್ಟಿದ್ದ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿ, ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು, ಹೇಳಲಾಗದವರಿಗೂ ನೋವಿರಬಹುದು ಎಂದು ಸೇರಿಸಿದೆ. ತಜ್ಞರು ತಲುಪಲು ನಲವತ್ತು ವರ್ಷ ಹಿಡಿದ ಮಾತಿಗೆ ನಾನು ತಲುಪಲು ಹನ್ನೊಂದು ವರ್ಷ ಹಿಡಿದದ್ದು ಸಮಾಧಾನದ ವಿಷಯವೇನಲ್ಲ.

ದೊಡ್ಡದೇನೂ ಆಗಲಿಲ್ಲ. ನಲ್ಲಿಯಿಂದ ಅಡುಗೆಮನೆಗೆ ಒಂದು ರಬ್ಬರ್ ಪೈಪು ಬಂತು. ಒಂದು ದೊಡ್ಡ ಪಾತ್ರೆಯ ಬದಲು ಎರಡು ಮಧ್ಯಮ ಪಾತ್ರೆಗಳಾದವು, ಇಳಿಸುವಾಗ ಸಹಾಯಕಿ ಇನ್ನೊಂದು ಕಡೆ ಹಿಡಿಯುವುದು ಕಡ್ಡಾಯವಾಯಿತು. ಪ್ರಯೋಗಾಲಯದ ಹಳೆಯ ಮೇಜೊಂದು ತರಕಾರಿ ಹೆಚ್ಚಲು ಹೋಯಿತು. ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಆಮೇಲಷ್ಟೇ ನನ್ನ ವೈದ್ಯೆ ಕಲಿಸಿದ್ದ ಒಂದು ವ್ಯಾಯಾಮವನ್ನು ಅವಳಿಗೆ ಕಲಿಸಿದೆ: ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರಕ್ಕೆ ಎತ್ತಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದು. ರಾತ್ರಿ ಬಿಸಿನೀರಿನ ಬಟ್ಟೆಯ ಶಾಖ. ಮುದ್ದೆಯ ಸುದ್ದಿಗೆ ಹೋಗಲಿಲ್ಲ.

ಈಗ ನನ್ನ ಮಂಡಿ ನೋಯುತ್ತದೆ, ಮೊದಲಿನಷ್ಟಲ್ಲ. ಅವಳ ಸೊಂಟವೂ ಹಾಗೆಯೇ. 'ಐದಾಣೆ ಕಮ್ಮಿ ಐತೆ' ಎನ್ನುತ್ತಾಳೆ. ಉಳಿದ ಹನ್ನೊಂದಾಣೆ ನಮ್ಮ ಜೊತೆಗೇ ಇರುತ್ತದೇನೋ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಲು ಕೊಡುವಾಗ ಅದರ ಇನ್ನೊಂದು ಅರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದನ್ನು ಈಗ ಬಿಡುವುದಿಲ್ಲ. ಊಟ ಕಲಿಯಲು ನನಗೆ ಹತ್ತು ದಿನ ಸಾಕಾಯಿತು. ನೋವಿರುವವರ ಜೊತೆ ಹೇಗೆ ಮಾತಾಡಬೇಕೆಂದು ಇನ್ನೂ ಕಲಿಯುತ್ತಿದ್ದೇನೆ.

ಹನ್ನೊಂದೂವರೆಯ ಬಿಡುವಿನ ಪೀರಿಯಡ್ಡಿನಲ್ಲಿ, ಅನ್ನಕ್ಕೆ ಎಸರು ಮರಳುವ ಹೊತ್ತಿಗೆ, ಅಡುಗೆಮನೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ನಾವಿಬ್ಬರೂ ಕಾಲು ಎತ್ತಿ ಇಳಿಸುತ್ತೇವೆ. ಕಿಟಕಿಯಲ್ಲಿ ಇಣುಕುವ ಹುಡುಗರು ನಗುತ್ತಾರೆ. ಎಣಿಸುವುದು ಅವಳೇ. ನಾನು ಎಣಿಸಿದರೆ ಎಂಟಕ್ಕೇ ಹತ್ತು ಅಂದುಬಿಡುತ್ತೇನೆ ಎಂಬುದು ಅವಳ ದೂರು.